ಚೀಲ ಹೊಲಿಯುವ ಕೈ ಯಾರದಾದರೇನು?

ಪ್ರಶ್ನೆ: ಅಕ್ಕಾವ್ರೆ, ಕಲಬುರಗಿಯಲ್ಲಿ ನನ್ನದೊಂದು ಸಣ್ಣ ದಾಲ್ ಮಿಲ್ ಇದೆ. 14 ಮಂದಿ ಕೆಲಸಕ್ಕಿದ್ದಾರೆ, ಅದರಲ್ಲಿ 9 ಹೆಂಗಸರು. ತೊಗರಿ ಬೇಳೆ ಚೀಲಕ್ಕೆ ತುಂಬಿ, ತೂಗಿ, ಹೊಲಿಯುವ ಕೆಲಸ ಹೆಂಗಸರೂ ಮಾಡುತ್ತಾರೆ, ಗಂಡಸರೂ ಮಾಡುತ್ತಾರೆ. ಹೆಂಗಸರಿಗೆ ದಿನಕ್ಕೆ 150 ರೂಪಾಯಿ ಕಡಿಮೆ. ಸುತ್ತಮುತ್ತ ಎಲ್ಲರೂ ಹಾಗೇ ಕೊಡುವುದು. ಈಗ ಒಬ್ಬಾಕೆ ಯಾಕೆ ಹೀಗೆ ಅಂತ ಕೇಳಿದ್ದಾಳೆ. ಇನ್ನೊಂದು ಮಾತು. ಜಾತಿ ನೋಡಿ ಒಬ್ಬಾಕೆಗೆ ಉಳಿದವರು ನೀರಿನ ಲೋಟ ಬೇರೆ ಇಟ್ಟಿದ್ದಾರೆ. ನಾನು ನಡುವೆ ಬಾಯಿ ಹಾಕಬೇಕಾ?
– ಒಬ್ಬ ಓದುಗ, ಕಲಬುರಗಿ

ಉತ್ತರ: ಮೊದಲು ಲೋಟದ ಮಾತು. ಬಾಯಿ ಹಾಕಲೇಬೇಕು. ಮಿಲ್ ನಿಮ್ಮದು, ನೀರಿನ ಕೊಡ ನಿಮ್ಮದು. ಅದು ಅಸ್ಪೃಶ್ಯತೆ. ಸಂವಿಧಾನದ 17ನೇ ವಿಧಿ ಅದನ್ನು ತೆಗೆದುಹಾಕಿದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆಯೂ ಇದೆ. ನಾಳೆ ಬೆಳಿಗ್ಗೆ ಎಲ್ಲರಿಗೂ ಒಂದೇ ನಮೂನೆಯ ಲೋಟ ತಂದಿಡಿ. ಆ ಹೆಣ್ಣುಮಗಳನ್ನು ಎದುರಿಗೆ ನಿಲ್ಲಿಸಿ ಭಾಷಣ ಮಾಡಬೇಡಿ, ಪಾಪ, ಅವರಿಗೆ ಇನ್ನೂ ಮುಜುಗರ. ಅವರು ಕುಡಿದ ಕೊಡದಿಂದಲೇ ನೀವೂ ದಿನಾ ಕುಡಿಯಿರಿ.

ಇನ್ನು ಕೂಲಿ. ನಮ್ಮ ಅವ್ವ ಒಂದು ಬೇಳೆ ಮಿಲ್ಲಿನಲ್ಲಿ ಚೀಲ ಹೊಲಿಯುತ್ತಿದ್ದಳು. ಸಂಜೆ ಬಂದು ಕೈ ತೊಳೆದರೆ ನೀರೆಲ್ಲ ಹಳದಿ. ಸುತಳಿ ಎಳೆದೆಳೆದು ತೋರುಬೆರಳಿನ ಮೇಲೆ ಗೆರೆ ಬಿದ್ದಿತ್ತು. ಊಟಕ್ಕೆ ಕೂತಾಗ ಅಲ್ಲಿ ಖಾರ ತಾಗಿದರೆ ಬೆರಳು ಝಾಡಿಸುತ್ತಿದ್ದಳು. ಪಕ್ಕದಲ್ಲೇ ಕೂತು ಅಂಥದೇ ದಬ್ಬಣ ಹಿಡಿದ ಗಂಡಸಿಗೆ ಬಟವಾಡೆಯ ದಿನ ಜಾಸ್ತಿ ಸಿಗುತ್ತಿತ್ತು. ಯಾಕೆ ಅಂತ ಅವ್ವ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಕೆಲಸ ಹೋಗುತ್ತೆ ಅನ್ನೋ ಭಯ. ನಿಮ್ಮಲ್ಲಿ ಒಬ್ಬರು ಧೈರ್ಯ ಮಾಡಿ ಕೇಳಿದ್ದಾರೆ. ಅವರನ್ನು ಕೆಲಸದಿಂದ ಬಿಡಿಸುವ ಯೋಚನೆ ಕನಸಲ್ಲೂ ಬೇಡ.

ಒಂದೇ ಥರದ ಕೆಲಸಕ್ಕೆ ಹೆಣ್ಣು-ಗಂಡು ಅಂತ ಕೂಲಿ ಬೇರೆ ಮಾಡುವಂತಿಲ್ಲ. 1976ರ ಸಮಾನ ವೇತನ ಕಾಯ್ದೆ ಹೇಳಿದ್ದೂ ಇದೇ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ ಹೇಳುವುದೂ ಇದೇ. ಮಿಲ್ ಸಣ್ಣದು ಅಂತ ವಿನಾಯಿತಿ ಇಲ್ಲ. ಚೀಲ ಹೊತ್ತು ಲಾರಿಗೆ ಹಾಕುವ ಹಮಾಲರ ದರ ಬೇರೆ ಇರಬಹುದು, ಅದು ಬೇರೆ ಕೆಲಸ. ಆದರೆ ಹೆಂಗಸರು ಹೊತ್ತರೆ ಅವರಿಗೂ ಅದೇ ದರ. ಲೆಕ್ಕ ಸರಿ ಮಾಡೋಕೆ ಗಂಡಸರ ಕೂಲಿ ಇಳಿಸುವಂತೆಯೂ ಇಲ್ಲ, ಕಾಯ್ದೆಯೇ ಅದನ್ನು ತಡೆದಿದೆ. ಹೆಂಗಸರದ್ದೇ ಏರಿಸಬೇಕು. 9 ಮಂದಿಗೆ ದಿನಕ್ಕೆ 1,350 ರೂಪಾಯಿ. ಭಾರ ಅನಿಸುತ್ತೆ, ಗೊತ್ತು. ಇಷ್ಟು ದಿನ ಆ ಭಾರ ಹೊತ್ತವರು ಆ ಒಂಬತ್ತು ಮಂದಿ, ಅಲ್ವಾ?

ನೀವು ಕೇಳದಿದ್ದರೂ ಒಂದು ಹೇಳಬೇಕು. 10 ಅಥವಾ ಜಾಸ್ತಿ ಮಂದಿ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಇದು 2013ರ ಕಾಯ್ದೆ. ಅಧ್ಯಕ್ಷರು ಹೆಣ್ಣೇ ಆಗಿರಬೇಕು, ಹೊರಗಿನವರೊಬ್ಬರು ಇರಬೇಕು. ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ.

ಮುಂದಿನ ಬಟವಾಡೆಗೇ ಹೊಸ ದರ ಬರೆಯಿರಿ. ಯಾಕೆ ಅಂತ ಕೇಳಿದರಲ್ಲ, ಆ ಹೆಣ್ಣುಮಗಳಿಗೆ ಮೊದಲು ತಿಳಿಸಿ.