ರಕ್ತ ಕೊಡುವಾಗ ಅಪ್ಪನಿಗೆ ಚಳಿ-ಜ್ವರ ಬಂತು, ತಪ್ಪು ರಕ್ತ ಹಾಕಿದ್ದಾರಾ?

ಪುಣೆಯ ಆಸ್ಪತ್ರೆಯಲ್ಲಿ ನಿಮ್ಮ ತಂದೆಗೆ ಆದದ್ದು ಬರೀ ಜ್ವರದ ರಿಯಾಕ್ಷನ್ ಇರಬಹುದು. ಗ್ರೂಪ್ ಸರಿಯಿದ್ದರೂ ದಾನಿಯ ಬಿಳಿ ರಕ್ತಕಣಗಳಿಂದ ಹೀಗಾಗುತ್ತದೆ, ಸಾಮಾನ್ಯವಾಗಿ ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ. ತುರಿಕೆ, ದದ್ದು ಬಂದರೆ ಅಲರ್ಜಿ.

ಆದರೆ ಗ್ರೂಪ್ ತಪ್ಪಿದಾಗಲೂ ಮೊದಲು ಕಾಣುವುದು ಹೆಚ್ಚಾಗಿ ಇದೇ ಚಳಿ-ಜ್ವರ, ಅಲ್ವಾ? ಅದಕ್ಕೇ ಪ್ರತಿ ಸಲವೂ ತಕ್ಷಣ ರಕ್ತ ನಿಲ್ಲಿಸಿ, ಬ್ಯಾಗಿನ ಲೇಬಲ್ ಮತ್ತು ರೋಗಿಯ ಹೆಸರು ಮತ್ತೆ ತಾಳೆ ನೋಡಬೇಕು. ಬ್ಯಾಗನ್ನು ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಿ ಪರೀಕ್ಷೆ ಮಾಡಿಸಬೇಕು. ಇದನ್ನು ಮಾಡಿದರಾ ಎಂದು ಧೈರ್ಯವಾಗಿ ಕೇಳಿ. ಬೆನ್ನು ನೋವು, ಕೆಂಪು ಮೂತ್ರ, ಬಿಪಿ ಇಳಿಯುವುದು ಅಪಾಯದ ಲಕ್ಷಣಗಳು. ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ರಕ್ತ ಬೇಗ ಹೋದರೆ ಉಸಿರಾಟಕ್ಕೇ ಕಷ್ಟವಾಗಬಹುದು.

ಮರಾಠಿ ಬಾರದ ನಮ್ಮ ಹಿರಿಯರು ವಾರ್ಡಿನಲ್ಲಿ ಸುಮ್ನೆ ಸಹಿಸಿಕೊಳ್ಳುತ್ತಾರೆ. ನನಗೆ ಜಾಸ್ತಿ ಚಿಂತೆ ಅದೇ. ‘ಥಂಡಿ ವಾಜತೇ’ (ಚಳಿ ಆಗ್ತಿದೆ), ‘ಪಾಠ ದುಖತೇ’ (ಬೆನ್ನು ನೋಯ್ತಿದೆ), ‘ದಮ್ ಲಾಗತೋ’ (ಉಸಿರಾಟ ಕಷ್ಟ ಆಗ್ತಿದೆ), ಇಷ್ಟು ಮರಾಠಿ ಹೇಳಿಕೊಡಿ. ರಕ್ತ ಕೊಡಲು ಶುರು ಮಾಡಿದ ಮೊದಲ 15 ನಿಮಿಷ ಪಕ್ಕದಲ್ಲೇ ಇರಿ.

ಮನೆಗೆ ಬಂದ ಮೇಲೂ, 2 ವಾರದೊಳಗೆ ಕಣ್ಣು ಹಳದಿಯಾದರೆ ಡಾಕ್ಟರಿಗೆ ರಕ್ತ ಕೊಟ್ಟ ವಿಷಯ ಹೇಳಿ.