ರೌಟರ್‌ಗೆ ಹೊಸ ಫರ್ಮ್‌ವೇರ್: ಯಾವ ಫೈಲ್ ಸರಿ?

ಪ್ರಶ್ನೆ: ನಮ್ಮ ಮನೆಯ ಟಿಪಿ-ಲಿಂಕ್ ಆರ್ಚರ್ ಸಿ7 ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ (ರೌಟರನ್ನು ನಡೆಸುವ ತಂತ್ರಾಂಶ) ಹಾಕಬೇಕೆಂದಿದ್ದೇನೆ. ಡೌನ್‌ಲೋಡ್ ಪಟ್ಟಿಯಲ್ಲಿ ಸಿ7 ಹೆಸರಿನ ಹಲವು ಫೈಲ್‌ಗಳಿದ್ದು, ಕೆಲವಕ್ಕೆ ‘ಫ್ಯಾಕ್ಟರಿ’ ಎಂದೂ ಕೆಲವಕ್ಕೆ ‘ಸಿಸ್‌ಅಪ್‌ಗ್ರೇಡ್’ ಎಂದೂ ಇದೆ. ಯಾವುದನ್ನು ಆರಿಸಲಿ? ತಪ್ಪಿದರೆ ರೌಟರ್ ಪೂರ್ತಿ ಕೆಟ್ಟುಹೋಗುವುದೇ?
– ಓದುಗರು, ಶಿವಮೊಗ್ಗ

ಉತ್ತರ: ಫೈಲ್ ಹುಡುಕುವ ಮುನ್ನ ರೌಟರನ್ನು ಮಗುಚಿ, ತಳದ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕದಲ್ಲಿರುವ ಆವೃತ್ತಿ ಸಂಖ್ಯೆಯನ್ನು ಓದಿಕೊಳ್ಳಿ. ಸಿ7 ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಯಂತ್ರಾಂಶಗಳು ಮಾರಾಟವಾಗಿವೆ. 2ನೇ ಆವೃತ್ತಿಯಲ್ಲಿರುವುದು ಕ್ವಾಲ್ಕಾಮ್‌ನ 9558 ಚಿಪ್ ಆದರೆ 5ನೆಯದರಲ್ಲಿರುವುದು 9563. ಆದ್ದರಿಂದ ಮಾದರಿಯ ಜೊತೆಗೆ ಆವೃತ್ತಿಯೂ ಹೊಂದುವ ಫೈಲ್ ಮಾತ್ರ ನಿಮ್ಮದು. ಹೆಚ್ಚಿನ ಅನಾಹುತಗಳು ಈ ಒಂದು ಸಂಖ್ಯೆಯನ್ನು ನೋಡದಿರುವುದರಿಂದಲೇ ಆಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರೌಟರ್‌ನಲ್ಲಿ ಈಗ ಕಂಪನಿಯ ಮೂಲ ಫರ್ಮ್‌ವೇರ್ ಇರುವುದರಿಂದ ನಿಮಗೆ ಬೇಕಾದುದು ‘ಫ್ಯಾಕ್ಟರಿ’ ಫೈಲ್. ಕಂಪನಿಯ ಅಪ್‌ಗ್ರೇಡ್ ಪುಟ ತನ್ನದೆಂದು ಒಪ್ಪಿಕೊಳ್ಳುವ ರೂಪದಲ್ಲಿ ಅದನ್ನು ಕಟ್ಟಿರುತ್ತಾರೆ. ‘ಸಿಸ್‌ಅಪ್‌ಗ್ರೇಡ್’ ಬೇಕಾಗುವುದು ಓಪನ್‌ಡಬ್ಲ್ಯುಆರ್‌ಟಿ ಒಮ್ಮೆ ನೆಲೆಗೊಂಡ ಮೇಲೆ, ಅದರ ಮುಂದಿನ ಬಿಡುಗಡೆಗೆ ಹೋಗುವಾಗ. ‘ಸ್ನ್ಯಾಪ್‌ಶಾಟ್’ ಎಂದಿರುವವು ಅಭಿವೃದ್ಧಿಯ ಹಂತದವು. ಅವುಗಳಲ್ಲಿ ಬ್ರೌಸರ್‌ನಿಂದ ನಿರ್ವಹಿಸುವ ಲೂಸಿ ಪುಟವೂ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಸ್ಥಿರ ಬಿಡುಗಡೆಯನ್ನೇ ಆರಿಸಿಕೊಳ್ಳಿ. ನಿಮ್ಮ ರೌಟರ್‌ಗೆ ಜಾಗದ ಚಿಂತೆಯಿಲ್ಲ. ಆದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ರೌಟರ್‌ಗಳಿಗೆ 19.07ರ ನಂತರದ ಬಿಡುಗಡೆಗಳಲ್ಲಿ ಬೆಂಬಲವಿಲ್ಲ.

ಇಳಿಸಿಕೊಂಡ ಫೈಲ್‌ನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲ್ ಕೆಡದೆ ಬಂದಿದೆಯೇ ಎಂದು ತಿಳಿಸುವ ಅಕ್ಷರ-ಅಂಕಿಗಳ ಸಾಲು) ಡೌನ್‌ಲೋಡ್ ಪುಟದಲ್ಲಿರುವ ಮೊತ್ತದೊಡನೆ ಹೋಲಿಸಿ. ಒಂದು ಅಕ್ಷರ ಬೇರೆಯಾದರೂ ಫೈಲನ್ನು ಅಳಿಸಿ ಮತ್ತೊಮ್ಮೆ ಇಳಿಸಿಕೊಳ್ಳಬೇಕು. ಇಂಟರ್‌ನೆಟ್ ಸಂಪರ್ಕಕ್ಕೆ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್ ಬೇಕಾಗುವಂತಿದ್ದರೆ ಹಳೆಯ ಪುಟ ಇರುವಾಗಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಫರ್ಮ್‌ವೇರನ್ನು ವೈಫೈ ಮೂಲಕ ಹಾಕದೆ, ಕಂಪ್ಯೂಟರನ್ನು ರೌಟರ್‌ನ ಲ್ಯಾನ್ ಕಿಂಡಿಗೆ ಕೇಬಲ್‌ನಿಂದ ಜೋಡಿಸಿಯೇ ಹಾಕಬೇಕು. ಫರ್ಮ್‌ವೇರ್ ಬರವಣಿಗೆ ನಡೆಯುತ್ತಿರುವಾಗ ವಿದ್ಯುತ್ ಹೋಗುವುದೇ ನಿಜವಾದ ಅಪಾಯ, ಆದ್ದರಿಂದ ಯುಪಿಎಸ್ ಇದ್ದರೆ ರೌಟರನ್ನೂ ಕಂಪ್ಯೂಟರನ್ನೂ ಅದಕ್ಕೇ ಸೇರಿಸಿ.

ರೌಟರ್ ಮರಳಿ ಎದ್ದಾಗ ವೈಫೈ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ವೈಫೈ ಆಫ್ ಆದ ಸ್ಥಿತಿಯಲ್ಲೇ ಬರುತ್ತದೆ. ಕೇಬಲ್ ಮೂಲಕ 192.168.1.1ಕ್ಕೆ ಹೋಗಿ, ಮೊದಲು ರೂಟ್ (ನಿರ್ವಾಹಕ) ಪಾಸ್‌ವರ್ಡ್ ಇಟ್ಟು, ಆಮೇಲೆ ವೈಫೈ ಚಾಲೂ ಮಾಡಿ.

ಇನ್ನು ಕೆಟ್ಟುಹೋಗುವ ಭಯ. ಬೂಟ್‌ಲೋಡರ್ (ರೌಟರ್ ಎದ್ದಾಗ ಮೊದಲು ಓಡುವ ಸಣ್ಣ ತಂತ್ರಾಂಶ) ಉಳಿದಿದ್ದರೆ ರೌಟರ್ ಉಳಿದಂತೆಯೇ. ಉದಾಹರಣೆಗೆ 5ನೇ ಆವೃತ್ತಿಯಲ್ಲಿ, ಕಂಪ್ಯೂಟರ್‌ಗೆ 192.168.0.66 ವಿಳಾಸ ಕೊಟ್ಟು, ಟಿಎಫ್‌ಟಿಪಿ ಸರ್ವರ್ (ಕೇಳಿದ ಫೈಲನ್ನು ಜಾಲದ ಮೂಲಕ ಕಳಿಸುವ ತಂತ್ರಾಂಶ) ಚಾಲನೆಯಲ್ಲಿಟ್ಟು, ರೀಸೆಟ್ ಗುಂಡಿ ಒತ್ತಿಹಿಡಿದು ರೌಟರ್‌ಗೆ ವಿದ್ಯುತ್ ಕೊಟ್ಟರೆ ಅದು ತಾನಾಗಿಯೇ ನಿಗದಿತ ಹೆಸರಿನ ಫೈಲನ್ನು ಕೇಳಿ ಬರೆದುಕೊಳ್ಳುತ್ತದೆ. ಆ ಹೆಸರು ನಿಮ್ಮ ಮಾದರಿಯ ಓಪನ್‌ಡಬ್ಲ್ಯುಆರ್‌ಟಿ ಪುಟದಲ್ಲಿದೆ. ಇಂಟರ್‌ನೆಟ್ ಕಡಿದಮೇಲೆ ಆ ಪುಟ ಸಿಗದಿರಬಹುದು. ಅದನ್ನೂ ಕಂಪನಿಯ ಮೂಲ ಫರ್ಮ್‌ವೇರ್ ಫೈಲನ್ನೂ ಮೊದಲೇ ಕಂಪ್ಯೂಟರ್‌ಗೆ ಇಳಿಸಿಟ್ಟುಕೊಳ್ಳಿ.