ಅಪ್ಪನ ವ್ಯಾಯಾಮಕ್ಕೆ ರೋಬೋಟ್ ತರಿಸಬೇಕಾ?

ಪ್ರಶ್ನೆ: ನಮ್ಮ ಅಪ್ಪನಿಗೆ 64 ವರ್ಷ. ಚಿತ್ತಾಪುರ ತಾಲ್ಲೂಕಿನಲ್ಲಿ ತೊಗರಿ ಬೆಳೆಯುತ್ತಿದ್ದರು. ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಎಡಗೈ ಸ್ವಾಧೀನ ತಪ್ಪಿದೆ. ಈಗ ಕಲಬುರಗಿಯ ನಮ್ಮ ಮನೆಯಲ್ಲಿದ್ದಾರೆ. ಫಿಸಿಯೋ ಮೇಡಂ ಬಂದಾಗ ವ್ಯಾಯಾಮ ಮಾಡುತ್ತಾರೆ. ಅವರು ಹೋದ ಮೇಲೆ ನಾನು ಹೇಳಿದರೆ ಸಿಟ್ಟಾಗುತ್ತಾರೆ. ಪುಣೆಯಲ್ಲಿರುವ ಅಣ್ಣ, ವ್ಯಾಯಾಮ ಮಾಡಿಸುವ ರೋಬೋಟಿನ ವಿಡಿಯೋ ತೋರಿಸಿದ. ‘ಗೊಂಬಿ ಮಾತ ಕೇಳೂ ಕಾಲ ಬಂತೇನ್ ನನಗ?’ ಅಂತ ಅಪ್ಪ ಮುಖ ತಿರುಗಿಸಿದರು. ಅಂಥದ್ದು ತರಿಸಬೇಕಾ?

ಉತ್ತರ: ಈಗಲೇ ತರಿಸಬೇಡಿ ತಂಗಿ. ಹಾಗಂತ ಆ ವಿಡಿಯೋ ಸುಮ್ನೆ ಅಂತ ತಳ್ಳಿಹಾಕಲೂಬೇಡಿ.

ಕಾಲಿಗೆ ಪಟ್ಟಿ ಕಟ್ಟಿ ನಡೆಸುವ ದೊಡ್ಡ ಯಂತ್ರಗಳೇ ಬೇರೆ. ನಿಮ್ಮಣ್ಣ ತೋರಿಸಿದ ಬಗೆಯದ್ದು ರೋಗಿಯನ್ನು ಮುಟ್ಟುವುದೇ ಇಲ್ಲ. ಎದುರು ನಿಂತು ಮಾಡಿ ತೋರಿಸುತ್ತದೆ, ಕ್ಯಾಮೆರಾದಲ್ಲಿ ನೋಡಿ ಎಣಿಸುತ್ತದೆ, ‘ಇನ್ನೊಂದು ಸಲ’ ಅನ್ನುತ್ತದೆ. ಅಮೆರಿಕದಲ್ಲಿ ರೋಬೋಟ್ ವಿಜ್ಞಾನಿ ಮಾಯಾ ಮಟಾರಿಚ್ ಅವರ ತಂಡ 2000ರ ದಶಕದಲ್ಲೇ ಲಕ್ವಾ ಆದವರಿಗಾಗಿ ಇಂಥದ್ದನ್ನು ಮಾಡಿ ನೋಡಿದೆ. 58 ಸೆಂಟಿಮೀಟರ್ ಎತ್ತರದ ‘ನಾವೋ’ ರೋಬೋಟನ್ನು ಮಕ್ಕಳ ಥೆರಪಿಯಲ್ಲೂ ಬಳಸಿದ್ದಾರೆ. ಬೆಲೆ ಮಾತ್ರ ಲಕ್ಷಗಳಲ್ಲಿ.

ರೋಬೋಟಿಗೆ ಬೇಸರ ಬರುವುದಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಇದೇ. ಲಕ್ವಾ ಆದ ಕೈಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಬೇಕು. ಮೆದುಳಿನ ಚೆನ್ನಾಗಿರುವ ಭಾಗ ಹೊಸದಾಗಿ ಕಲಿಯುವುದು ಹಾಗೆಯೇ. ಮೊದಲ ಕೆಲವು ತಿಂಗಳಲ್ಲಿ ಈ ಕಲಿಕೆ ಜಾಸ್ತಿ. ನಿಮ್ಮಪ್ಪ ಈಗ ಆ ಹೊತ್ತಿನಲ್ಲೇ ಇದ್ದಾರೆ. ಅದಕ್ಕೇ ನನಗೆ ಅವಸರ.

ಅವರ ಸಿಟ್ಟು ಗೊಂಬೆಯ ಮೇಲಲ್ಲ ಅಂತ ನನಗನಿಸುತ್ತದೆ. ಇಷ್ಟು ವರ್ಷ ಹೊಲ ನಡೆಸಿದವರು ಈಗ ಮಗಳು ಹೇಳಿದಂತೆ ಕೈ ಎತ್ತಬೇಕು. ಅದರ ಮೇಲೆ ಯಂತ್ರ ಅಂದರೆ, ‘ಇವರಿಗೆ ನಾನು ಸಾಕಾದೆ’ ಅಂತ ಅವರಿಗೆ ಕೇಳಿಸಿರಬಹುದು. ನನ್ನ ಹತ್ತಿರ ಬರುವ ಕೆಲವರದು ಇದಕ್ಕೆ ಉಲ್ಟಾ. ಮಗನೆದುರು ಕೈ ನಡುಗಿದರೆ ನಾಚಿಕೆ, ಮೊಬೈಲ್ ಎದುರು ಏನೂ ಅನಿಸುವುದಿಲ್ಲ ಅನ್ನುತ್ತಾರೆ. ನಿಮ್ಮಪ್ಪನಿಗೆ ಯಾವುದು ಹಗುರ ಅಂತ ಅವರನ್ನೇ ಕೇಳಬೇಕು, ಅಲ್ವಾ?

ಅಲ್ಲಿಯವರೆಗೆ ಹೀಗೆ ಮಾಡಿ. ಎರಡು ಬಟ್ಟಲು ಇಡಿ, ಒಂದರಲ್ಲಿ ಒಂದು ಹಿಡಿ ತೊಗರಿ. ಎಡಗೈ ಬೆರಳು ಆಡುತ್ತಿದ್ದರೆ ಒಂದೊಂದೇ ಕಾಳು ಹೆಕ್ಕಿ ಇನ್ನೊಂದಕ್ಕೆ ಹಾಕಲಿ. ಬೆರಳು ಇನ್ನೂ ಆಡದಿದ್ದರೆ ಫಿಸಿಯೋ ಮೇಡಂ ಬೇರೆ ಹೇಳಿಕೊಡುತ್ತಾರೆ. ಎಣಿಕೆ ಅಪ್ಪನದೇ ಇರಲಿ. ನೀವು ಪಕ್ಕದಲ್ಲಿ ನಿಮ್ಮ ಕೆಲಸ ಮಾಡಿಕೊಂಡಿರಿ. ಸಂಜೆ ಅಣ್ಣ ವಿಡಿಯೋ ಕಾಲ್ ಮಾಡಿ, ‘ಯಪ್ಪಾ, ಇವತ್ತ ಎಷ್ಟು ಆತು?’ ಅಂತ ಕೇಳಲಿ. ಮಗ ಕೇಳುತ್ತಾನೆ ಅಂತ ಗೊತ್ತಿದ್ದರೆ ಕೈ ತಾನಾಗಿ ಬಟ್ಟಲಿಗೆ ಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಎಬ್ಬಿಸುವಾಗ ಎಡಗೈ ಹಿಡಿದು ಎಳೆಯಬೇಡಿ. ಸ್ವಾಧೀನವಿಲ್ಲದ ಕೈಯ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಭುಜ ನೋಯುತ್ತದೆ ಅಂದರೆ ವ್ಯಾಯಾಮ ನಿಲ್ಲಿಸಿ, ಅವತ್ತೇ ಫಿಸಿಯೋ ಮೇಡಂಗೆ ಫೋನ್ ಮಾಡಿ.